ಕಾಡಿನ ಖರ್ಚು ಯಾರ ಲೆಕ್ಕಕ್ಕೆ? – ಬಂಡೀಪುರ ಅಡವಿಯ ಆಯವ್ಯಯದ ಕಥೆ

ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಒಂದು ಇತಿಹಾಸದ ಲೇಖನ ಬರೆದುಕೊಡಬೇಕೆಂದು ಸಮಿತಿಯವರು ಕೇಳಿಕೊಂಡರು. ಸಂಘ ಬೆಳೆದು ಬಂದ ದಾರಿಯನ್ನು ಕಾರ್ಯದರ್ಶಿಗಳು ಅಂಕಿಅಂಶ ಸಮೇತ ಬೇರೆ ಪುಟದಲ್ಲಿ ಬರೆದಿದ್ದಾರೆ. ದೇವಸ್ಥಾನದ ಇತಿಹಾಸವನ್ನು ನಮ್ಮ ಊರಿನ ಮೇಷ್ಟ್ರು ಒಪ್ಪಿಕೊಂಡಿದ್ದಾರೆ. ಹೀಗಾಗಿ ನನ್ನ ಪಾಲಿಗೆ ಉಳಿದದ್ದು ಕಾಡು.

"ಡೇರಿ ಪುಸ್ತಕದಲ್ಲಿ ಕಾಡಿನ ಕತೆ ಯಾಕಪ್ಪ?" ಎಂದು ಕೆಲವರು ಕೇಳಬಹುದು. ಕಾರಣ ಇದೆ. ನಮ್ಮ ಹೊಲದ ಬದು ಮುಗಿಯುವ ಕಡೆ ಬಂಡೀಪುರದ ಕಾಡು ಶುರುವಾಗುತ್ತದೆ. ಡೇರಿ ಬರುವ ಮುಂಚೆ ನಮ್ಮ ದನಗಳನ್ನು ಸಾಕಿದ್ದು ನಾವಲ್ಲ, ಆ ಕಾಡು. ಬೆಳಗ್ಗೆ ಬಿಟ್ಟರೆ ಸಂಜೆ ತಾನಾಗಿ ಹಟ್ಟಿಗೆ ಬರುತ್ತಿದ್ದವು. ಅದಕ್ಕೆ ನಾವು ಯಾವ ಬಿಲ್ಲೂ ಕಟ್ಟಲಿಲ್ಲ. ಹಾಗೆಯೇ ಆ ಕಾಡಿನ ಆನೆ, ಹಂದಿ ನಮ್ಮ ರಾಗಿ, ಜೋಳ, ಹುರುಳಿಯನ್ನು ಎಷ್ಟೋ ವರ್ಷ ತಿಂದವು. ಅದಕ್ಕೂ ಯಾರೂ ಬಿಲ್ಲು ಕಟ್ಟಲಿಲ್ಲ. ಹೀಗೆ ಎರಡೂ ಕಡೆ ಬರೆಯದೇ ಹೋದ ಲೆಕ್ಕವೊಂದಿದೆ. ಸಂಘದಲ್ಲಿ ಲೀಟರು, ಫ್ಯಾಟು, ಬಟವಾಡೆ ಅಂತ ಲೆಕ್ಕ ನೋಡಿ ನೋಡಿ ಅಭ್ಯಾಸವಾದ ನಮಗೆ, ಈ ಕಾಡನ್ನು ಇಷ್ಟು ಕಾಲ ಕಾಯಲು ದುಡ್ಡು ಎಲ್ಲಿಂದ ಬಂತು, ಕಾಡಿನಿಂದ ಬಂದ ದುಡ್ಡು ಎಲ್ಲಿಗೆ ಹೋಯಿತು ಎಂದು ಕೇಳುವ ಹಕ್ಕು ಇದ್ದೇ ಇದೆ. ಈ ಲೇಖನ ಅಷ್ಟಕ್ಕೇ.

ಮೊದಲು ದೊರೆಗಳ ಕಾಲ. ಹಳೇ ಮೈಸೂರು ಸೀಮೆಯಲ್ಲಿ ಅರಣ್ಯ ಇಲಾಖೆ ಹುಟ್ಟಿದ್ದು 1864ರಲ್ಲಿ, ಕಮಿಷನರ ಆಡಳಿತ ಇದ್ದಾಗ. ಅದು ಪ್ರಾಣಿ ಉಳಿಸಲು ಹುಟ್ಟಿದ ಇಲಾಖೆಯಲ್ಲ. ಮರದಿಂದ ಖಜಾನೆಗೆ ಹಣ ತರಲು ಹುಟ್ಟಿದ್ದು. ತೇಗ, ಹೊನ್ನೆ, ಬೀಟೆ, ಮತ್ತಿ, ಎಲ್ಲಕ್ಕಿಂತ ಮೇಲೆ ಶ್ರೀಗಂಧ. ಗಂಧದ ಮರ ಯಾರ ಹೊಲದಲ್ಲೇ ಬೆಳೆಯಲಿ, ಅದು ಸರ್ಕಾರದ್ದು ಎಂಬ ಕಟ್ಟಳೆ ಟಿಪ್ಪು ಸುಲ್ತಾನನ ಕಾಲದ್ದು, 1792ರದ್ದು. 1916–17ರ ಹೊತ್ತಿಗೆ ಸರ್ಕಾರವೇ ಬೆಂಗಳೂರು, ಮೈಸೂರುಗಳಲ್ಲಿ ಗಂಧದೆಣ್ಣೆಯ ಕಾರ್ಖಾನೆ ತೆರೆಯಿತು. 1900ರ ಮೈಸೂರು ಅರಣ್ಯ ಕಾಯಿದೆ ಬಂದ ಮೇಲೆ ಕಾಡುಗಳಿಗೆ ಗಡಿಕಲ್ಲು ನೆಟ್ಟು 'ಸ್ಟೇಟ್ ಫಾರೆಸ್ಟ್' ಎಂದು ಹೆಸರಿಟ್ಟರು. ನಮ್ಮ ಹಿರಿಯರು ಇವತ್ತಿಗೂ ಕೆಲವು ಕಾಡಿಗೆ 'ಟೇಟ್ ಪಾರೆಸ್ಟು' ಅನ್ನುವುದು ಅದರಿಂದಲೇ.

ಆ ಲೆಕ್ಕದಲ್ಲಿ ಹುಲಿ ಖರ್ಚಿನ ಕಡೆಗಿತ್ತು. ಹುಲಿ, ಚಿರತೆ ಹೊಡೆದು ತಂದವರಿಗೆ ಸರ್ಕಾರ ಇನಾಮು ಕೊಡುತ್ತಿತ್ತು. ಇವತ್ತು ಹುಲಿ ಉಳಿಸಲು ಕೋಟಿಗಟ್ಟಲೆ ಸುರಿಯುತ್ತಾರೆ, ಅವತ್ತು ಅದೇ ಹುಲಿಯನ್ನು ಇಲ್ಲವಾಗಿಸಲು ಬೊಕ್ಕಸದಿಂದ ಹಣ ಹೋಗುತ್ತಿತ್ತು! ಆನೆಯದು ಮಾತ್ರ ಜಮಾ ಕಡೆಗೆ. ಜಿ.ಪಿ. ಸ್ಯಾಂಡರ್ಸನ್ ಎಂಬ ಇಂಗ್ಲಿಷ್ ಅಧಿಕಾರಿ 1874ರಲ್ಲಿ ನಮ್ಮ ಚಾಮರಾಜನಗರದ ಕಡೆ ಖೆಡ್ಡಾ ಮಾಡಿ ಐವತ್ತಕ್ಕೂ ಮೇಲ್ಪಟ್ಟು ಆನೆ ಹಿಡಿದ. ಆಮೇಲೆ ಕಾಕನಕೋಟೆಯ ಖೆಡ್ಡಾ ಜಗತ್ತಿಗೇ ಹೆಸರಾಯಿತು. ಹಿಡಿದ ಆನೆಗಳಲ್ಲಿ ಕೆಲವು ಅರಮನೆಗೆ, ಕೆಲವು ಮರ ಎಳೆಯಲು, ಉಳಿದವು ಮಾರಾಟಕ್ಕೆ. ವೈಸರಾಯ್, ರಾಜಕುಮಾರರು ಬಂದಾಗಲಂತೂ ಖೆಡ್ಡಾ ಅಂದರೆ ಜಾತ್ರೆ. ಮುಂದೆ ನಡೆದು ಆನೆಯ ಜಾಡು ಹಿಡಿದವರು, ಸೋವು ಮಾಡಿದವರು ಜೇನುಕುರುಬರು, ಬೆಟ್ಟಕುರುಬರು, ಆಸುಪಾಸಿನ ಹಳ್ಳಿಯವರು. ಚಿತ್ರಪಟದಲ್ಲಿ ಕುಳಿತವರು ಬೇರೆಯವರು. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಕೆಲವೇ ವರ್ಷದಲ್ಲಿ ಕಬಿನಿ ಅಣೆಕಟ್ಟೆಯ ಹಿನ್ನೀರು ಆ ಜಾಗವನ್ನು ಬಹುಪಾಲು ನುಂಗಿತು.

ಕಾಡನ್ನು 'ಕಾಡುಪ್ರಾಣಿಗೋಸ್ಕರ' ಬಿಡಬೇಕೆಂಬ ಯೋಚನೆ ನಮ್ಮ ಸೀಮೆಗೆ ಬಂದದ್ದು ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ. 1931ರಲ್ಲಿ ಬಂಡೀಪುರದ ಸುತ್ತ ಸುಮಾರು 90 ಚದರ ಕಿಲೋಮೀಟರು ಜಾಗವನ್ನು ಅಭಯಾರಣ್ಯ ಮಾಡಿದರು. ಹತ್ತು ವರ್ಷದಲ್ಲಿ, 1941ರಲ್ಲಿ, ಜಯಚಾಮರಾಜ ಒಡೆಯರ ಆಳ್ವಿಕೆಯಲ್ಲಿ ಅದನ್ನು 800 ಚದರ ಕಿಲೋಮೀಟರಿಗೆ ಹಿಗ್ಗಿಸಿ 'ವೇಣುಗೋಪಾಲ ವನ್ಯಮೃಗಧಾಮ' ಎಂದು ಹೆಸರಿಟ್ಟರು. ಹೆಸರು ನಮ್ಮ ಹಿಮವದ್ ಗೋಪಾಲಸ್ವಾಮಿಯದೇ. ಬೆಟ್ಟದ ಮೇಲಿನ ದೇವರ ಹೆಸರನ್ನು ಬೆಟ್ಟದ ಕೆಳಗಿನ ಹುಲಿ, ಕಾಟಿ, ಜಿಂಕೆಗೆ ಕೊಟ್ಟದ್ದು ನನಗೆ ಬಹಳ ಹಿಡಿಸಿದ ಸಂಗತಿ. ಆಮೇಲೆ ಬಂದ ಸರ್ಕಾರಿ ಹೆಸರುಗಳಲ್ಲಿ ಆ ಸೊಗಸಿಲ್ಲ.

ಆದರೆ ಒಂದು ಮಾತು ಮರೆಯಬಾರದು. ಆ ಕಾಲದಲ್ಲಿ ಕಾಡಿನ ಖರ್ಚು, ಕಾಡಿನ ಸುಖ ಎರಡೂ ಒಂದೇ ಮನೆತನದ್ದು. ಅರಮನೆಯ ಶಿಕಾರಿಗೆಂದೇ ಕಾಯ್ದಿಟ್ಟಿದ್ದರಿಂದ ಎಷ್ಟೋ ಕಾಡು ಉಳಿಯಿತು ಎನ್ನುವುದು ನಿಜ. ಹಳ್ಳಿಯವನು ಒಂದು ಮೊಲ ಹೊಡೆದರೂ ತಪ್ಪಿತಸ್ಥ ಆಗುತ್ತಿದ್ದ ಎನ್ನುವುದೂ ಅಷ್ಟೇ ನಿಜ. ದನ ಮೇಯಿಸಲು ಮಾತ್ರ ಹುಲ್ಲುಬನ್ನಿ ಕಟ್ಟಿದರೆ ಸಾಕಿತ್ತು. ಅದು ಒಂದು ತರಹದ ಬಾಡಿಗೆ. ಬಾಡಿಗೆ ಕಟ್ಟಿದವನಿಗೆ ತನ್ನದೂ ಏನೋ ಒಂದು ಹಕ್ಕಿದೆ ಎಂಬ ಧೈರ್ಯ ಇರುತ್ತಿತ್ತು.

ಸ್ವಾತಂತ್ರ್ಯ ಬಂದ ಮೇಲೆ ಸುಮಾರು ಇಪ್ಪತ್ತೈದು ವರ್ಷ ಕಾಡು ಮತ್ತೆ ಮರದ ಲೆಕ್ಕಕ್ಕೇ ಹೋಯಿತು. ಹಳೇ ಮರ ಕಡಿದರು, ತೇಗದ ಪ್ಲಾಂಟೇಷನ್ ಮಾಡಿದರು. ಆ ಕಾಲದ ಬಗ್ಗೆ ಹೆಚ್ಚು ಬರೆಯುವುದಿಲ್ಲ; ಲಾರಿ ಓಡಿದ್ದು ಎಲ್ಲರಿಗೂ ಗೊತ್ತು.

ದೊಡ್ಡ ತಿರುವು ಬಂದದ್ದು 1972–73ರಲ್ಲಿ. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಆಯಿತು. 1973ರ ಏಪ್ರಿಲ್ 1ರಂದು ಇಂದಿರಾ ಗಾಂಧಿಯವರ ಸರ್ಕಾರ ಹುಲಿ ಯೋಜನೆಯನ್ನು ಆರಂಭಿಸಿತು. ದೇಶದಲ್ಲಿ ಮೊದಲು ಆರಿಸಿದ ಒಂಬತ್ತು ಕಾಡುಗಳಲ್ಲಿ ನಮ್ಮ ಬಂಡೀಪುರವೂ ಒಂದು. ಆಗ ಇಲ್ಲಿದ್ದ ಹುಲಿ ಬರೀ ಹನ್ನೆರಡು ಎಂದು ಅಂದಿನ ಎಣಿಕೆ. ವಿಶ್ವ ವನ್ಯಜೀವಿ ನಿಧಿ ಎಂಬ ಸಂಸ್ಥೆ ಹತ್ತು ಲಕ್ಷ ಡಾಲರ್ ಕೂಡಿಸಿಕೊಡುವುದಾಗಿ ಮುಂದೆ ಬಂತು. ಉಳಿದದ್ದು ಕೇಂದ್ರ ಸರ್ಕಾರದ್ದು, ರಾಜ್ಯದ್ದು. ಕಟ್ಟಡ, ಜೀಪು, ವೈರ್‌ಲೆಸ್ಸು ಇಂಥ ಒಮ್ಮೆ ಮಾಡುವ ಖರ್ಚನ್ನು ಕೇಂದ್ರ ಪೂರ್ತಿ ಕೊಡುವುದು, ವರ್ಷವರ್ಷ ಬರುವ ಖರ್ಚಿನಲ್ಲಿ ಕೇಂದ್ರ ಅರ್ಧ, ರಾಜ್ಯ ಅರ್ಧ ಎಂಬ ಪದ್ಧತಿ ಬಹಳ ಕಾಲ ನಡೆಯಿತು. 2015–16ರಿಂದ ಅದು ಕೇಂದ್ರಕ್ಕೆ ಅರವತ್ತು, ರಾಜ್ಯಕ್ಕೆ ನಲವತ್ತು ಎಂದಾಯಿತು.

ಇಲ್ಲಿ ಮೊದಲ ಬಾರಿಗೆ ಕಾಡು ಆದಾಯದ ಬಾಬತ್ತಿನಿಂದ ಖರ್ಚಿನ ಬಾಬತ್ತಿಗೆ ಬಂತು. ಒಳಗಾಡಿನಲ್ಲಿ ಮರ ಕಡಿಯುವುದು ನಿಂತಿತು, ದನ ಮೇಯಿಸುವುದು ನಿಂತಿತು. ಹುಲಿಯ ಮಟ್ಟಿಗೆ ಇದರ ಫಲ ಚೆನ್ನಾಗಿಯೇ ಬಂತು. 2022ರ ಗಣತಿಯ ಪ್ರಕಾರ ಕರ್ನಾಟಕದಲ್ಲಿ 563 ಹುಲಿ. ಬಂಡೀಪುರ ಒಂದರಲ್ಲೇ 150. ದೇಶದ ಹುಲಿ ರಕ್ಷಿತಾರಣ್ಯಗಳಲ್ಲಿ ಉತ್ತರದ ಕಾರ್ಬೆಟ್ ಬಿಟ್ಟರೆ ನಮ್ಮದೇ ಎರಡನೆಯದು. ಹನ್ನೆರಡರಿಂದ ನೂರೈವತ್ತು! ಇಂಥ ಕೆಲಸ ಬೇರೆ ಯಾವ ಸರ್ಕಾರಿ ಯೋಜನೆಯಲ್ಲಿ ಆಗಿದೆ, ಹೇಳಿ. ಹೊಗಳಬೇಕಾದ ಕಡೆ ಹೊಗಳಲೇಬೇಕು.

ಆದರೆ ಆ ಯೋಜನೆಯ ಪುಸ್ತಕದಲ್ಲಿ ಕೆಲವು ಖರ್ಚು ಬರೆಯಲಿಲ್ಲ. ಒಳಗಾಡಿನಲ್ಲಿದ್ದ ಹಾಡಿಗಳನ್ನು ಅಂಚಿಗೆ ತಂದು ಬಿಟ್ಟರು. ಜೇನು, ಗೆಡ್ಡೆ, ಸೀಗೆಕಾಯಿ, ನೆಲ್ಲಿಕಾಯಿ ನಂಬಿದ್ದ ಜನ ಕೂಲಿಗೆ ಬಿದ್ದರು. ಅವರ ಹಕ್ಕನ್ನು ಕಾಗದದ ಮೇಲೆ ಒಪ್ಪಿಕೊಳ್ಳಲು 2006ರ ಅರಣ್ಯ ಹಕ್ಕು ಕಾಯಿದೆಯವರೆಗೆ ಕಾಯಬೇಕಾಯಿತು. ಪಕ್ಕದ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರಿಗೆ 2011ರಲ್ಲಿ ಸಮುದಾಯದ ಹಕ್ಕುಪತ್ರ ಸಿಕ್ಕಿತು. ಹುಲಿ ರಕ್ಷಿತಾರಣ್ಯದ ಒಳಗೆ ಅಂಥದ್ದು ಸಿಕ್ಕಿದ್ದು ದೊಡ್ಡ ಸುದ್ದಿಯೇ ಆಯಿತು. ನಮ್ಮಂಥ ಅಂಚಿನ ರೈತರ ಬೆಳೆ ನಷ್ಟ, ದನ ನಷ್ಟ, ರಾತ್ರಿ ನಿದ್ದೆ ನಷ್ಟ ಇವೂ ಯೋಜನೆಯ ಖರ್ಚೇ. ಬರೆದುಕೊಂಡವರಿಲ್ಲ, ಅಷ್ಟೆ.

ಇಲ್ಲಿ ನಾವೂ ಸ್ವಲ್ಪ ನಮ್ಮ ಎದೆ ಮುಟ್ಟಿ ನೋಡಿಕೊಳ್ಳಬೇಕು. ಬರೆಯದೇ ಉಳಿದ ಲೆಕ್ಕ ನಮ್ಮ ಕಡೆಯೂ ಇದೆ. ಕಾನೂನಿನಲ್ಲಿ ದನ ಮೇಯಿಸುವುದು ನಿಂತರೂ ಕಾಡಂಚಿನಲ್ಲಿ ನಿಲ್ಲಲಿಲ್ಲ. 1990ರ ದಶಕದಲ್ಲಿ ಕಾಫಿಗೆ ಒಳ್ಳೆಯ ಬೆಲೆ ಬಂದ ಕಾಲ ಹಿರಿಯರಿಗೆ ನೆನಪಿರಬಹುದು. ವಯನಾಡಿನ ಕಾಫಿ ತೋಟದವರಿಗೆ ಸಗಣಿ ಗೊಬ್ಬರ ಬೇಕಾಯಿತು. ಲಾರಿಗಳು ನಮ್ಮ ಕಡೆಯ ಹಳ್ಳಿಗಳಿಗೆ ಬಂದು ತಿಪ್ಪೆ ತಿಪ್ಪೆಯನ್ನೇ ಕೊಂಡುಹೋದವು. ಹಾಲು ಕೊಡದ, ಉಳುಮೆಗೆ ಬಾರದ ದನವನ್ನೂ ಜನ ಮಾರಲಿಲ್ಲ. "ಹಾಲು ಕೊಡದೆ ಇದ್ರೆ ಏನಾತು, ಸಗಣಿ ಹಾಕ್ತದಲ್ಲ" ಎಂಬ ಮಾತು ಆಗಿನದು. ಬೆಳಗ್ಗೆ ಕಾಡಿಗೆ ಅಟ್ಟುವುದು, ರಾತ್ರಿ ಹಟ್ಟಿಯಲ್ಲಿ ಕಟ್ಟಿ ಸಗಣಿ ಕೂಡಿಸುವುದು. ಹೊಲಕ್ಕೆ ಬೀಳಬೇಕಾದ ಗೊಬ್ಬರ ಹೊಲಕ್ಕೂ ಬೀಳಲಿಲ್ಲ, ಕಾಡಿನ ಹುಲ್ಲು ಕಾಡಿನಲ್ಲೂ ಉಳಿಯಲಿಲ್ಲ. ಬಂಡೀಪುರದ ಹುಲ್ಲು ಗಡಿ ದಾಟಿ ಕಾಫಿ ಗಿಡದ ಬುಡ ಸೇರಿತು. ಕಾಫಿಯ ಬೆಲೆ ನಿಗದಿಯಾಗುವುದು ಎಲ್ಲೋ ಪರದೇಶದ ಪೇಟೆಯಲ್ಲಿ, ಅದರ ಹೊಡೆತ ಬಿದ್ದದ್ದು ನಮ್ಮೂರಿನ ಬೆಟ್ಟದ ತಪ್ಪಲಿನ ಹುಲ್ಲಿಗೆ. ಈ ವಿಷಯವನ್ನು ಸಂಶೋಧಕರು ಅಭ್ಯಾಸ ಮಾಡಿ ಬರೆದೂ ಇದ್ದಾರೆ. ಕಾಡಿನ ಬಾಯಿಂದ ಕಿತ್ತುಕೊಂಡ ಹುಲ್ಲಿಗೆ ನಾವು ಒಂದು ಕಾಸೂ ಕಟ್ಟಲಿಲ್ಲ. ಹುಲ್ಲುಬನ್ನಿಯ ಕಾಲವೇ ವಾಸಿ ಅನ್ನಿಸುತ್ತದೆ.

ಈಗ ನಮ್ಮ ಡೇರಿಯ ಮಾತಿಗೆ ಬರಬಹುದು. ಸಂಘ ಶುರುವಾದ ಮೇಲೆ ಮನೆಮನೆಗೆ ಸೀಮೆಹಸು ಬಂತು. ಸೀಮೆಹಸುವನ್ನು ಕಾಡಿಗೆ ಬಿಡಲು ಯಾರಿಗೂ ಧೈರ್ಯ ಬರುವುದಿಲ್ಲ. ಸಾಲ ತಂದು ಕಟ್ಟಿದ ಹಸು, ಚಿರತೆ ಬಾಯಿಗೆ ಬಿದ್ದರೆ ಕಂತು ಕಟ್ಟುವವರು ಯಾರು? ಹಸಿರು ಮೇವನ್ನು ಹೊಲದಲ್ಲೇ ಬೆಳೆದರು, ಹಿಂಡಿ, ಬೂಸ ತಂದರು. ಹತ್ತು ನಾಟಿ ದನ ಇದ್ದ ಮನೆಯಲ್ಲಿ ಎರಡು ಹಸು ಉಳಿದವು. ಕಾಡು ಉಳಿಸಬೇಕು ಎಂದು ನಾವ್ಯಾರೂ ಸಂಘ ಕಟ್ಟಲಿಲ್ಲ. ಹತ್ತು ದಿನಕ್ಕೊಮ್ಮೆ ಬಟವಾಡೆ ಕೈಗೆ ಬರಲಿ ಎಂದು ಕಟ್ಟಿದ್ದು. ಆದರೂ ಕಾಡಿಗೆ ಹೋಗುವ ಕೊಂಬು ಕಡಿಮೆ ಆದದ್ದಕ್ಕೆ ಕೊಟ್ಟಿಗೆಯ ಹಸುವೂ ಒಂದು ಕಾರಣ ಎಂದು ನಾನು ಧೈರ್ಯವಾಗಿ ಹೇಳಬಲ್ಲೆ.

ಇನ್ನು ನೋಡಲು ಬರುವವರ ದುಡ್ಡು. 1980ರಲ್ಲಿ ಕರ್ನಾಟಕ ಸರ್ಕಾರ ನೇಪಾಳದ 'ಟೈಗರ್ ಟಾಪ್ಸ್' ಸಂಸ್ಥೆಯ ಜೊತೆ ಸೇರಿ ಜಂಗಲ್ ಲಾಡ್ಜಸ್ ಎಂಬ ಕಂಪನಿ ಮಾಡಿತು. ಹೆಗ್ಗಡದೇವನಕೋಟೆ ಕಡೆ ಕಾರಾಪುರದಲ್ಲಿ ಮಹಾರಾಜರ ಹಳೇ ಬೇಟೆ ಬಂಗಲೆಯೇ ಅದರ ಮೊದಲ ಲಾಡ್ಜು. ಕರ್ನಲ್ ಜಾನ್ ವೇಕ್‌ಫೀಲ್ಡ್ ಎಂಬವರು ಅಲ್ಲಿ ಬಹಳ ವರ್ಷ ಇದ್ದು ಅದಕ್ಕೆ ಹೆಸರು ತಂದರು. 1987ರಲ್ಲಿ ಕಂಪನಿ ಪೂರ್ತಿ ಸರ್ಕಾರದ್ದಾಯಿತು. ಕೋವಿ ಹಿಡಿದು ಬರುತ್ತಿದ್ದವರ ಬಂಗಲೆಗೆ ಕ್ಯಾಮರಾ ಹಿಡಿದವರು ಬಂದರು. ಸೋವು ಮಾಡುತ್ತಿದ್ದವರ ಮೊಮ್ಮಕ್ಕಳು ಜೀಪು ಓಡಿಸಿದರು, ಅಡುಗೆ ಮಾಡಿದರು, ಪ್ರಾಣಿ ತೋರಿಸಿದರು.

ಇದು ಲಾಭದ ವ್ಯಾಪಾರ ಎಂದು ಗೊತ್ತಾದ ಮೇಲೆ ಖಾಸಗಿಯವರು ಬಿಡುತ್ತಾರೆಯೇ? 1990ರ ದಶಕದ ನಡುವೆ ನಾಗರಹೊಳೆಯ ಕಾಡಿನ ಒಳಗೇ ಒಂದು ದೊಡ್ಡ ಹೋಟೆಲ್ ಕಂಪನಿಗೆ ಸರ್ಕಾರ ಜಾಗ ಗುತ್ತಿಗೆ ಕೊಟ್ಟಿತು. ಕಾಡಿನ ಒಳಗೆ ತಲೆತಲಾಂತರದಿಂದ ಇದ್ದ ಹಾಡಿಯವರು ಇರಬಾರದಂತೆ, ಹೋಟೆಲ್ ಇರಬಹುದಂತೆ! ಆದಿವಾಸಿಗಳು ಸಂಘ ಕಟ್ಟಿಕೊಂಡು ಬೀದಿಗಿಳಿದರು, ಹೈಕೋರ್ಟಿಗೂ ಹೋದರು. ಕೇಂದ್ರದ ಒಪ್ಪಿಗೆ ಇಲ್ಲದೆ ಅರಣ್ಯದ ಜಾಗವನ್ನು ಹೀಗೆ ಕೊಟ್ಟದ್ದು ಕಾನೂನಿಗೆ ವಿರುದ್ಧ ಎಂದು 1997ರಲ್ಲಿ ತೀರ್ಪು ಬಂತು. ಕಾಡಿನ ಜಾಗ ಸಾರ್ವಜನಿಕರದು, ಆ ಹೊತ್ತಿನ ಸರ್ಕಾರದ ಸ್ವಂತ ಸ್ವತ್ತಲ್ಲ ಎಂಬುದು ಆ ಹೋರಾಟದಿಂದ ನಮ್ಮ ಜಿಲ್ಲೆಗಳ ಜನಕ್ಕೆ ಗಟ್ಟಿಯಾಗಿ ತಿಳಿಯಿತು. ಓದು ಬರಹ ಇಲ್ಲದವರು ಅಂತ ನಾವು ಯಾರನ್ನು ಹಗುರವಾಗಿ ನೋಡುತ್ತೇವೋ ಅವರೇ ಅದನ್ನು ಕಲಿಸಿದ್ದು.

ಇಷ್ಟೆಲ್ಲ ಆದರೂ ಗೇಟಿನಲ್ಲಿ ಬಂದ ಹಣ ಹೋಗುತ್ತಿದ್ದುದು ರಾಜ್ಯದ ಬೊಕ್ಕಸಕ್ಕೆ. ಬೊಕ್ಕಸ ಅಂದರೆ ಸಮುದ್ರ. ಅಲ್ಲಿ ಬಿದ್ದ ಮೇಲೆ ಯಾವ ಹೊಳೆಯ ನೀರು ಯಾವುದು ಎಂದು ಹೇಗೆ ಹೇಳುವುದು? ಗೇಟಿನಲ್ಲಿ ಎಷ್ಟೇ ಜನ ನಿಂತರೂ ಬೇಸಿಗೆಯಲ್ಲಿ ಬೆಂಕಿ ಕಾಯುವ ವಾಚರನಿಗೆ ತಿಂಗಳುಗಟ್ಟಲೆ ಸಂಬಳ ಬಾರದೆ ಹೋಗಬಹುದಿತ್ತು. ಬಜೆಟ್ ಬಿಡುಗಡೆ ಆಗಬೇಕಲ್ಲ.

ಈ ತೊಂದರೆಯನ್ನು ಬೇರೆ ದೇಶದವರು ಹೇಗೆ ಬಿಡಿಸಿಕೊಂಡರು ಎನ್ನುವುದಕ್ಕೆ ಅಮೆರಿಕದ ಒಂದು ಉದಾಹರಣೆ ಹೇಳುತ್ತೇನೆ. ಲೆಕ್ಕ ಬಲ್ಲ ನಮ್ಮ ಸದಸ್ಯರಿಗೆ ಇದು ರುಚಿಸೀತು. ಅಲ್ಲಿ ಬರಗಾಲ ಬಂದು, ಜೌಗು ಭೂಮಿ ಒಣಗಿ, ಕಾಡು ಬಾತುಕೋಳಿ ಬಹಳ ಕಡಿಮೆಯಾದವು. 1934ರಲ್ಲಿ ಸರ್ಕಾರ ಒಂದು ಡಾಲರಿನ ಚೀಟಿ ಹೊರಡಿಸಿತು. ಬಾತುಕೋಳಿ ಬೇಟೆಗೆ ಹೋಗುವವನು ಅದನ್ನು ಕೊಂಡು ಇಟ್ಟುಕೊಂಡಿರಲೇಬೇಕು. ಮೊದಲ ಚೀಟಿಗೆ ಚಿತ್ರ ಬರೆದವನು ಡಿಂಗ್ ಡಾರ್ಲಿಂಗ್ ಎಂಬ ಪತ್ರಿಕೆಯ ವ್ಯಂಗ್ಯಚಿತ್ರಕಾರ. ಆ ಹಣದಿಂದ ಕೆರೆ, ಜೌಗು ಜಾಗಗಳನ್ನು ಸರ್ಕಾರ ಕೊಂಡು ಹಕ್ಕಿಗಳಿಗೆ ಬಿಟ್ಟಿತು. 1937ರಲ್ಲಿ ಇನ್ನೊಂದು ಕಾಯಿದೆ ಬಂತು: ಕೋವಿ, ತೋಟಾಗಳ ಮೇಲಿನ ತೆರಿಗೆ ನೇರವಾಗಿ ವನ್ಯಪ್ರಾಣಿಗಳ ಕೆಲಸಕ್ಕೆ ರಾಜ್ಯಗಳಿಗೆ ಹೋಗಬೇಕು. ಕೆಲಸಕ್ಕೆ ನಾಲ್ಕು ರೂಪಾಯಿ ಬೇಕಾದರೆ ಮೂರು ಕೇಂದ್ರದ್ದು, ಒಂದು ರಾಜ್ಯದ್ದು. ಆದರೆ ಒಂದು ಷರತ್ತು. ಬೇಟೆ ಲೈಸೆನ್ಸಿನ ಹಣವನ್ನು ರಸ್ತೆಗೋ ಮತ್ತೊಂದಕ್ಕೋ ಬಳಸುವುದಿಲ್ಲ ಎಂದು ರಾಜ್ಯ ಮೊದಲು ಕಾನೂನು ಮಾಡಿರಬೇಕು. ಇಲ್ಲವಾದರೆ ಬಿಡಿಗಾಸೂ ಇಲ್ಲ. ನಮ್ಮ ಸಂಘದ ಮೀಸಲು ನಿಧಿಗೆ ಬೈಲಾದಲ್ಲಿ ಬೀಗ ಹಾಕಿದ ಹಾಗೆಯೇ ಇದು.

ಅವರದ್ದೂ ದೋಷವಿಲ್ಲದ ಪದ್ಧತಿಯೇನಲ್ಲ. ದುಡ್ಡು ಕೊಟ್ಟವನು ತನಗೆ ಬೇಕಾದ ಪ್ರಾಣಿಯನ್ನೇ ಕೇಳುತ್ತಾನೆ. ಯಾರೂ ಬೇಟೆಯಾಡದ ಹಕ್ಕಿ, ಕಪ್ಪೆ, ಚಿಟ್ಟೆಗಳಿಗೆ ಅಷ್ಟು ಹಣ ಸಿಗುವುದಿಲ್ಲ ಎಂಬ ದೂರು ಅಲ್ಲಿ ಇದ್ದೇ ಇದೆ. ನಮ್ಮಲ್ಲಿ ಬೇಟೆಯೇ ನಿಷೇಧ, ಆದ್ದರಿಂದ ಅದನ್ನು ಹಾಗೇ ನಕಲು ಮಾಡಲೂ ಆಗದು. ನಮ್ಮ ಪ್ರವಾಸಿಯದೂ ಅದೇ ಕತೆ ಅನ್ನಿ: ಹುಲಿ ಕಂಡರೆ ದುಡ್ಡು ವಸೂಲು, ಕಾಣದಿದ್ದರೆ "ಏನೂ ಇಲ್ಲ ಸಾರ್, ಬರೀ ಜಿಂಕೆ." ಬರೀ ಜಿಂಕೆಯಂತೆ!

ಅಂಥ ಬೀಗದ ಪೆಟ್ಟಿಗೆ ನಮ್ಮಲ್ಲೂ ಬಂತು, ಆದರೆ ತಡವಾಗಿ. 2006ರಲ್ಲಿ ವನ್ಯಜೀವಿ ಕಾಯಿದೆಗೆ ತಿದ್ದುಪಡಿ ಆಯಿತು. ಅದರ 38ಎಕ್ಸ್ ಕಲಮಿನ ಪ್ರಕಾರ ಪ್ರತಿ ಹುಲಿ ರಕ್ಷಿತಾರಣ್ಯಕ್ಕೂ ಒಂದು ಹುಲಿ ಸಂರಕ್ಷಣಾ ಪ್ರತಿಷ್ಠಾನ ಇರಬೇಕು. ಪ್ರವೇಶ ಶುಲ್ಕ ಮುಂತಾದ ಹಣವನ್ನು ಆ ಕಾಡಿಗೇ, ಅದರ ಸುತ್ತಿನ ಜನರಿಗೇ ಮತ್ತೆ ಬಳಸುವುದು ಪ್ರತಿಷ್ಠಾನದ ಉದ್ದೇಶಗಳಲ್ಲಿ ಒಂದು. ಬಂಡೀಪುರಕ್ಕೂ ಅಂಥ ಪ್ರತಿಷ್ಠಾನ ಆಗಿದೆ. 2012ರಲ್ಲಿ ಸುಪ್ರೀಂ ಕೋರ್ಟು ಒಳಗಾಡಿನ ಪ್ರವಾಸೋದ್ಯಮವನ್ನು ಸ್ವಲ್ಪ ಕಾಲ ನಿಲ್ಲಿಸಿತು. ಅದೇ ಅಕ್ಟೋಬರಿನಲ್ಲಿ ಕೇಂದ್ರದ ಮಾರ್ಗಸೂಚಿ ಬಂದ ಮೇಲೆ ಮತ್ತೆ ಬಿಟ್ಟರು. ಒಳಗಾಡಿನ ನೂರಕ್ಕೆ ಇಪ್ಪತ್ತು ಭಾಗಕ್ಕಿಂತ ಹೆಚ್ಚು ಜಾಗವನ್ನು ಪ್ರವಾಸಕ್ಕೆ ಬಳಸಬಾರದು, ಸುತ್ತಲಿನ ರೆಸಾರ್ಟುಗಳಿಂದ ಸಂರಕ್ಷಣಾ ಶುಲ್ಕ ವಸೂಲು ಮಾಡಿ ಅದನ್ನು ಅಲ್ಲಿಯ ಕಾಡಿಗೆ, ಜನರಿಗೆ ಬಳಸಬೇಕು ಎಂದು ಆ ಮಾರ್ಗಸೂಚಿ ಹೇಳುತ್ತದೆ.

ಇದು ಸಣ್ಣ ವಿಷಯವಲ್ಲ. ಕಾಡು ಕಾಯುವುದು ಅಂದರೆ ಏನೆಂದು ಹತ್ತಿರದಿಂದ ನೋಡಿದವರಿಗೆ ಗೊತ್ತು. ಜನವರಿ ಹೊತ್ತಿಗೆ ಮೈಲುಗಟ್ಟಲೆ ಬೆಂಕಿ ರೇಖೆ ಸವರಬೇಕು. ಫೆಬ್ರವರಿಯಿಂದ ಮಳೆ ಬೀಳುವ ತನಕ ಬೆಂಕಿ ಕಾಯುವವರು ಬೇಕು. ಅವರೆಲ್ಲ ಹಾಡಿಯ, ನಮ್ಮ ಹಳ್ಳಿಗಳ ಹುಡುಗರೇ. ಕಳ್ಳಬೇಟೆ ತಡೆಯುವ ಕ್ಯಾಂಪುಗಳಲ್ಲಿ ಮೂರು ನಾಲ್ಕು ಜನ ಅಕ್ಕಿ ಬೇಳೆ ಹೊತ್ತುಕೊಂಡು ಹೋಗಿ ಇರುತ್ತಾರೆ. ಬೇಸಿಗೆಯಲ್ಲಿ ಗುಂಡಿಗೆ ನೀರು ತುಂಬಬೇಕು, ಲಾಂಟಾನ ಕೀಳಬೇಕು. 2019ರ ಫೆಬ್ರವರಿಯಲ್ಲಿ ಬೆಂಕಿ ಬಿದ್ದು ಸಾವಿರಾರು ಎಕರೆ ಸುಟ್ಟಿತಲ್ಲ, ಆಗ ಗೋಪಾಲಸ್ವಾಮಿ ಬೆಟ್ಟದ ಇಳಿಜಾರು ಕರ್ರಗೆ ಕಂಡದ್ದು ಮರೆಯುವ ಹಾಗಿಲ್ಲ. ಹಸಿ ಸೊಪ್ಪಿನ ಗುಚ್ಛ ಹಿಡಿದು ಬೆಂಕಿ ಬಡಿದವರಲ್ಲಿ ಇಲಾಖೆಯವರ ಜೊತೆ ನಮ್ಮ ಕಡೆಯ ಊರಿನವರೂ ಇದ್ದರು, ಬೆಂಗಳೂರು ಮೈಸೂರಿನಿಂದ ಬಂದ ಹುಡುಗರೂ ಇದ್ದರು.

ಅಂಚಿನ ಖರ್ಚು ಇನ್ನೊಂದು. ಆನೆ ಕಂದಕ ತೋಡಿದರೆ ಮಳೆಗೆ ಮಣ್ಣು ಕುಸಿದು ಎರಡು ವರ್ಷದಲ್ಲಿ ಮುಚ್ಚುತ್ತದೆ. ಸೋಲಾರ್ ಬೇಲಿಗೆ ದಿನಾ ಬಳ್ಳಿ ಸವರಬೇಕು, ಬ್ಯಾಟರಿ ನೋಡಬೇಕು. ನೋಡುವವರು ಯಾರೆಂದೇ ಎಷ್ಟೋ ಕಡೆ ಗೊತ್ತಿಲ್ಲ. ಹಳೇ ರೈಲು ಕಂಬಿಯ ಬೇಲಿ ಗಟ್ಟಿ, ಆದರೆ ಕಿಲೋಮೀಟರಿಗೆ ಕೋಟಿಗೂ ಮೀರಿ ಖರ್ಚು. ಕಾಡುಪ್ರಾಣಿಯಿಂದ ಸತ್ತವರ ಮನೆಯವರಿಗೆ ಕೊಡುವ ಪರಿಹಾರ ಹಲವು ಸಲ ಏರಿದೆ. ದುಡ್ಡಿನಿಂದ ತುಂಬುವ ನಷ್ಟವಲ್ಲ ಅದು, ಆದರೂ ಕೊಡಲೇಬೇಕಾದ ಬಾಬತ್ತು.

2025 ನಮ್ಮ ಸೀಮೆಗೆ ಒಳ್ಳೆಯ ವರ್ಷವಾಗಲಿಲ್ಲ. ಸೆಪ್ಟೆಂಬರಿನಲ್ಲಿ ನಮ್ಮ ತಾಲೂಕಿನ ಬೊಮ್ಮಲಾಪುರದಲ್ಲಿ ಹುಲಿ ಹಿಡಿಯಲಿಲ್ಲ ಎಂಬ ಸಿಟ್ಟಿಗೆ ಊರವರು ಅರಣ್ಯ ಸಿಬ್ಬಂದಿಯನ್ನೇ ಹುಲಿ ಬೋನಿನಲ್ಲಿ ಕೂಡಿಹಾಕಿದ್ದು ಪತ್ರಿಕೆಯಲ್ಲೆಲ್ಲ ಬಂತು. ಅದು ಸರಿ ಎಂದು ನಾನು ಹೇಳಲಾರೆ. ಬೋನಿನಲ್ಲಿ ನಿಂತ ವಾಚರನೂ ನಮ್ಮಂಥ ಮನೆಯ ಮಗನೇ, ಅವನ ಸಂಬಳ ನಮ್ಮ ಹಾಲಿನ ದುಡ್ಡಿಗಿಂತ ದೊಡ್ಡದೇನಲ್ಲ. ಆದರೆ ದನ ಕಳೆದುಕೊಂಡವನ ಸಿಟ್ಟು ಎಲ್ಲಿಂದ ಬರುತ್ತದೆ ಎನ್ನುವುದೂ ಗೊತ್ತು. ಅಕ್ಟೋಬರ್ ನವೆಂಬರಿನಲ್ಲಿ ಸರಗೂರು ಕಡೆ ಹುಲಿ ದಾಳಿಗೆ ರೈತರು ಬಲಿಯಾದರು. ನವೆಂಬರ್ 7ರಂದು ಸರ್ಕಾರ ನಾಗರಹೊಳೆ, ಬಂಡೀಪುರದ ಸಫಾರಿ ನಿಲ್ಲಿಸಲು ಹೇಳಿತು. ಸಫಾರಿಗೆ ಹಾಕಿದ್ದ ಜನರನ್ನು ಹುಲಿ ಹುಡುಕಲು, ಗಸ್ತಿಗೆ ಹಾಕಿ ಎಂದಿತು.

ಊರಿನ ಅಂಗಡಿ ಮುಂದೆ ಇದೇ ಚರ್ಚೆ. "ಸಪಾರಿ ನಿಲ್ಸುದ್ರಲ್ಲ, ಒಳ್ಳೇದೇ ಆಯ್ತು ಬುಡಿ" ಎಂದವರೂ ಇದ್ದರು. "ಅಲ್ಲಣ್ಣ, ನಮ್ಮ ಹೈದ ರೆಸಾರ್ಟ್‌ನಲ್ಲಿ ಕೆಲ್ಸಕ್ ಹೋಯ್ತಾ ಅವ್ನೆ, ಅವನ ಸಂಬ್ಳ ಯಾರ್ ಕೊಟ್ಟಾರು?" ಎಂದವರೂ ಇದ್ದರು. ಇಬ್ಬರ ಮಾತೂ ನಿಜ. ಸಫಾರಿ ಜೀಪಿನ ಗದ್ದಲಕ್ಕೇ ಹುಲಿ ಹೊರಗೆ ಬರುತ್ತದೆ ಎಂಬ ಮಾತನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಹನ್ನೆರಡು ಇದ್ದದ್ದು ನೂರೈವತ್ತಾದರೆ ಎಳೆಯವು, ಮುದಿಯವು ಜಾಗ ಹುಡುಕಿಕೊಂಡು ಅಂಚಿಗೆ ಬರುವುದು ಸಹಜ. ಆದರೆ ಅಂಗಡಿ ಮುಂದಿನ ಆ ಚರ್ಚೆಯಲ್ಲಿ ಯಾರಿಗೂ ಗೊತ್ತಿಲ್ಲದ ಒಂದು ಅಂಕಿ ಇತ್ತು. ಗೇಟಿನಲ್ಲಿ ಒಂದು ವರ್ಷಕ್ಕೆ ಬಂದ ಹಣ ಎಷ್ಟು, ಅದರಲ್ಲಿ ಕಂದಕಕ್ಕೆ, ಬೇಲಿಗೆ, ಬೆಳೆ ಪರಿಹಾರಕ್ಕೆ, ವಾಚರ ಸಂಬಳಕ್ಕೆ, ನಮ್ಮಂಥ ಊರುಗಳ ಪರಿಸರ ಅಭಿವೃದ್ಧಿ ಸಮಿತಿಗಳಿಗೆ ಹೋದದ್ದು ಎಷ್ಟು?

ನಮ್ಮ ಸಂಘದ ಸರ್ವಸದಸ್ಯರ ಸಭೆಯಲ್ಲಿ ಆಡಿಟ್ ವರದಿಯನ್ನು ಓದದೆ ಬೋನಸ್ ಹಂಚಿದ್ದು ಇಲ್ಲ. ಕ್ಯಾನು ತೊಳೆಯುವ ಸೋಪಿನ ಪುಡಿಗೆ ಇಷ್ಟು ಯಾಕೆ ಎಂದು ಕೇಳುವ ಸದಸ್ಯರು ನಮ್ಮಲ್ಲಿದ್ದಾರೆ. ಉತ್ತರ ಕೊಡುವವರೆಗೂ ಬಿಡುವುದಿಲ್ಲ. ಹೋದ ಸಭೆ ಮುಗಿದು ಟೀ ಕುಡಿಯುವಾಗ ಆ ಸದಸ್ಯರಲ್ಲೇ ಒಬ್ಬರು, "ಸೋಪಿನ ಪುಡಿ ಕೇಳ್ತೀವಿ, ಇಷ್ಟು ದೊಡ್ಡ ಕಾಡಿನದ್ದು ಯಾಕೆ ಕೇಳಬಾರದು?" ಎಂದರು. ನನಗೂ ಹೌದೆನ್ನಿಸಿತು. ಪ್ರತಿಷ್ಠಾನದ ಕಳೆದ ಐದು ವರ್ಷದ ಜಮಾ ಖರ್ಚು, ನಮ್ಮ ಪಂಚಾಯಿತಿಯ ಊರುಗಳಿಗೆ ಬಂದ ಮೊತ್ತ, ನಮ್ಮ ಗಡಿಯ ಕಂದಕದ ರಿಪೇರಿ ಯಾವಾಗ ಆಯಿತು ಎನ್ನುವ ವಿವರ, ಈ ಮೂರನ್ನು ಕೇಳಿ 2005ರ ಮಾಹಿತಿ ಹಕ್ಕು ಕಾಯಿದೆಯಡಿ ಅರ್ಜಿ ಬರೆದಿಟ್ಟಿದ್ದೇವೆ. ಅರ್ಜಿಯ ಶುಲ್ಕ 10 ರೂಪಾಯಿ. ಸಂಘದ ಖರ್ಚಿನಲ್ಲಿ ಹಾಕುವುದು ಬೇಡವೆಂದು ಆ ಸದಸ್ಯರೇ ಜೇಬಿನಿಂದ ಕೊಟ್ಟಿದ್ದಾರೆ. ಬೆಳ್ಳಿಹಬ್ಬ ಮುಗಿದ ಮಾರನೆಯ ದಿನ ಅಂಚೆಗೆ ಹಾಕುವುದು ಎಂದು ಮಾತಾಗಿದೆ. ಉತ್ತರ ಬಂದರೆ ಡೇರಿಯ ನೋಟಿಸು ಬೋರ್ಡಿನಲ್ಲಿ, ಹಾಲಿನ ದರದ ಪಟ್ಟಿಯ ಪಕ್ಕದಲ್ಲಿ ಅಂಟಿಸುತ್ತೇವೆ.